ಕರೆಂಟಿಗೂ ಟಿಕೆಟ್ಟು

ನಿಮ್ಮ ದೊಡ್ಡ ತಾತ ದೇವರನ್ನೂ ಟಿಕೆಟ್ ಕೇಳದೆ ಒಳಗೆ ಬಿಡುವವರಲ್ಲ. ಅಜ್ಜಿ ಸುಮ್ಮನೆ ಉಬ್ಬಿಸಿ ಬರೆಯುತ್ತಾಳೆ ಎಂದುಕೊಳ್ಳಬೇಡಿ. ಒಂದು ವರ್ಷ ಊರಮ್ಮನ ಪಲ್ಲಕ್ಕಿ ನಮ್ಮ ಬಾಗಿಲಿಗೆ ಬಂದಾಗ ಅಮ್ಮನ ತಲೆಯ ಸುತ್ತ ಬಣ್ಣದ ದೀಪಗಳು ಮಿಣಮಿಣ ಉರಿಯುತ್ತಿದ್ದವು. ಆ ದೀಪಗಳಿಗೆ ಕರೆಂಟು ಎಲ್ಲಿಂದ ಬಂದಿದೆ ಎಂದು ವಿಚಾರಿಸಿ, ಪಲ್ಲಕ್ಕಿಯ ಕೆಳಗೆ ಬಗ್ಗಿ, ಬ್ಯಾಟರಿಯನ್ನು ಕಣ್ಣಾರೆ ನೋಡಿದ ಮೇಲೆಯೇ ಅವರು ಹಣ್ಣುಕಾಯಿ ತಟ್ಟೆಯನ್ನು ಹೊರಗೆ ತರಲು ಬಿಟ್ಟದ್ದು. ಬೀದಿ ಕಂಬಕ್ಕೆ ಕೊಕ್ಕೆ ಹಾಕಿದ ವೈರಾಗಿದ್ದರೆ ಆ ವರ್ಷ ಅಮ್ಮ ನಮ್ಮ ಮನೆಯ ಮಂಗಳಾರತಿ ಇಲ್ಲದೆ ಮುಂದಿನ ಮನೆಗೆ ಹೋಗಬೇಕಾಗುತ್ತಿತ್ತು!

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅವರು ನಿಮ್ಮ ತಾತನ ಅಣ್ಣ, ನನಗೆ ಭಾವ. ನಾನು ಈ ಮನೆಗೆ ಸೊಸೆಯಾಗಿ ಬಂದ ಕಾಲದಲ್ಲಿ ಭಾವನವರ ಹೆಸರು ಹೇಳುವುದಿರಲಿ, ಅವರ ಎದುರು ನಿಂತು ಮಾತಾಡುವ ರೂಢಿಯೂ ಇರಲಿಲ್ಲ. ಬೇರೆಯವರು ಕಾಲಕ್ಕೆ ತಕ್ಕ ಹಾಗೆ ಆ ರೂಢಿ ಬಿಟ್ಟರು. ನನಗೆ ಮೊದಲೇ ಸಂಕೋಚ ಹೆಚ್ಚು; ಬಿಡಲಾಗಲಿಲ್ಲ.

ಹಾಗಾದರೆ ಒಂದೇ ಮನೆಯಲ್ಲಿದ್ದು ಮಾತೇ ಆಡಲಿಲ್ಲವೇ ಎಂದು ಕೇಳುತ್ತೀರಿ. ಆಡಿದೆವು, ಆದರೆ ಕಂಬದ ಜೊತೆ. ಜಗಲಿಯಲ್ಲಿ ನೀವು ಹಿಡಿದುಕೊಂಡು ಗಿರಗಿರ ಸುತ್ತುತ್ತೀರಲ್ಲ, ಆ ಮರದ ಕಂಬ. “ಕಂಬಾ, ಮಜ್ಜಿಗೆ ಇದ್ರೆ ಒಂದು ಲೋಟ ಬರ್ಲಿ” ಎಂದು ಭಾವ ಹೇಳುವರು. ನಾನು ಬಾಗಿಲ ಹಿಂದಿನಿಂದ ಕಂಬಕ್ಕೇ “ಮಜ್ಜಿಗೆ ಹುಳಿ ಆಗ್ಬುಟ್ಟದೆ, ಪಾನಕ ಆದೀತಾ” ಎನ್ನುವೆ. “ಆದೀತು ಅಂತ ಹೇಳು ಕಂಬಾ” ಎಂದು ಅವರು. ನಡುವೆ ಕಂಬ ಪಾಪ, ಎರಡು ಕಡೆಯ ಗುಟ್ಟನ್ನೂ ಇಟ್ಟುಕೊಂಡು ಸುಮ್ಮನೆ ನಿಂತಿರುತ್ತಿತ್ತು. ಅವರ ಹೆಂಡತಿ, ಎಂದರೆ ನನ್ನ ಓರಗಿತ್ತಿ, ಮನೆಯಲ್ಲಿದ್ದರೆ ಮಾತ್ರ ಕಂಬಕ್ಕೆ ರಜೆ. ನಾನು ಅವರನ್ನು ಅಕ್ಕ ಎನ್ನುತ್ತೇನೆ. ಅಕ್ಕನ ತವರು ಪಾವಗಡದ ಕಡೆ, ನಾಗಲಮಡಿಕೆಯ ಹತ್ತಿರ. ಸಮಾಧಾನವಾಗಿದ್ದಾಗ ಅರ್ಧ ಕನ್ನಡ ಅರ್ಧ ತೆಲುಗು. ಸಿಟ್ಟು ಬಂದರೆ ಪೂರಾ ತೆಲುಗು. ಭಾವನವರಿಗೆ ಮದುವೆಯಾದ ಮೇಲೆ ತೆಲುಗು ಚೆನ್ನಾಗಿ ಬಂತು.

ಈ ಟಿಕೆಟ್ಟಿನ ಹುಚ್ಚು ಎಲ್ಲಿಂದ ಬಂತು? ಅವರು ಟೂರಿಂಗ್ ಟಾಕೀಸಿನ ಗೇಟಿನಲ್ಲಿ ನಿಂತವರು. ನೀವು ಟೆಂಟು ನೋಡಿಲ್ಲ. ಊರಾಚೆಯ ಬಯಲಿನಲ್ಲಿ ದೊಡ್ಡ ಗುಡಾರ ಎತ್ತಿ, ಒಂದು ಕಡೆ ಬಿಳಿ ಪರದೆ ಕಟ್ಟಿ ಸಿನಿಮಾ ತೋರಿಸುತ್ತಿದ್ದರು. ಪರದೆಯ ಹತ್ತಿರ ಮರಳು ಹಾಸಿದ್ದು ನೆಲ, ಅದರ ಹಿಂದೆ ಬೆಂಚು, ಎಲ್ಲಕ್ಕಿಂತ ಹಿಂದೆ ಕುರ್ಚಿ. ನೆಲದ ಟಿಕೆಟ್ಟಿನವರು ಬೆಂಚಿಗೆ, ಬೆಂಚಿನವರು ಕುರ್ಚಿಗೆ ಕತ್ತಲಲ್ಲಿ ಜರುಗುವುದು ಎಲ್ಲ ಊರಲ್ಲೂ ಇದ್ದದ್ದೇ. ಭಾವನವರು ಗೇಟಿನಲ್ಲಿದ್ದ ಟೆಂಟಿನಲ್ಲಿ ಮಾತ್ರ ಯಾರೂ ಜರುಗುತ್ತಿರಲಿಲ್ಲ. ಬಂದವರ ಕೈಯಿಂದ ಟಿಕೆಟ್ ತೆಗೆದುಕೊಂಡು, ಚರಕ್ಕನೆ ಎರಡು ಮಾಡಿ, ಅರ್ಧ ತಮ್ಮ ಜೇಬಿಗೆ, ಅರ್ಧ ಅವರ ಕೈಗೆ. ಮುಖ ನೋಡುತ್ತಿರಲಿಲ್ಲ. ಕೈ ಮಾತ್ರ ನೋಡುವುದು.

ನಮ್ಮ ಮದುವೆಯಾದ ಹೊಸತರಲ್ಲಿ ನಿಮ್ಮ ತಾತ ನನ್ನನ್ನು ಸಿನಿಮಾಕ್ಕೆ ಕರೆದುಕೊಂಡು ಹೋದರು. ಗೇಟಿನಲ್ಲಿ ಸ್ವಂತ ಅಣ್ಣನೇ ಇರುವಾಗ ಟಿಕೆಟ್ಟೇಕೆ ಎಂಬ ಧೈರ್ಯ ಅವರಿಗೆ. ಬೇರೆ ಸೀರೆಯಿಲ್ಲದೆ ನಾನು ಮದುವೆಯ ಸೀರೆಯನ್ನೇ ಉಟ್ಟಿದ್ದೆ. ಭಾವ ಕೈ ಚಾಚಿ “ಟಿಕೆಟ್?” ಎಂದರು. ನಿಮ್ಮ ತಾತ ನಕ್ಕರು. ಭಾವ ನಗಲಿಲ್ಲ. ಹಿಂದೆ ಜನ ನೂಕುತ್ತಿದ್ದರು. ಕೊನೆಗೆ ನಿಮ್ಮ ತಾತ ವಾಪಸ್ ಹೋಗಿ ಕೈಲಿದ್ದ ಚಿಲ್ಲರೆಗೆ ಬಂದಷ್ಟು, ಎರಡು ನೆಲದ ಟಿಕೆಟ್ ತಂದರು. ಭಾವ ಅವನ್ನು ಹರಿದು ಅರ್ಧ ವಾಪಸ್ ಕೊಟ್ಟು, ನಮ್ಮಿಬ್ಬರಿಗೂ ಅಲ್ಲದ ಹಾಗೆ, ಗೇಟಿನ ಬಿದಿರು ಗಳುವಿಗೆ ಹೇಳಿದರು: “ನೆಲ. ಮುಂದುಕ್ಕೆ ಹೋಗ್ಬೇಕು.” ಮದುವೆಯ ಸೀರೆಯಲ್ಲಿ ನಾನು ಮರಳಿನ ಮೇಲೆ ಕುಳಿತೆ. ಕತ್ತು ಎತ್ತಿ ಎತ್ತಿ ನೋಡಿ ನೋವು ಬಂತು. ಸಿನಿಮಾ ಮಾತ್ರ ಚೆನ್ನಾಗಿತ್ತು.

ಟೆಂಟು ಒಂದೂರಲ್ಲಿ ನಿಲ್ಲುವುದಲ್ಲ. ಇಲ್ಲಿ ಕೆಲವು ತಿಂಗಳು, ಶಿರಾ ಕಡೆ ಕೆಲವು ತಿಂಗಳು. ಹೋದ ಹೋದಲ್ಲೆಲ್ಲ ಹೊಸದಾಗಿ ವೈರು ಎಳೆಯಬೇಕು, ಸರ್ಕಾರದವರು ಬಂದು ಅದನ್ನು ನೋಡಬೇಕು, ಸರಿಯಿದೆ ಎಂದು ಕಾಗದ ಕೊಡಬೇಕು. ಅದಿಲ್ಲದೆ ಆಟವಿಲ್ಲ. ಒಮ್ಮೆ ತಾವರೆಕೆರೆಯಲ್ಲಿ ಜನವೆಲ್ಲ ಬಂದು ನಿಂತಿದೆ, ಕಾಗದ ಬಂದಿಲ್ಲ. ಟೆಂಟಿನ ಯಜಮಾನರೇ “ಆಡ್ಸಾನ ಬುಡು, ನಾಳೆ ಬತ್ತದೆ ಪೇಪರ್ರು” ಎಂದರಂತೆ. ಭಾವ ಗೇಟಿಗೆ ಅಡ್ಡ ನಿಂತು, “ಪೇಪರ್ ಮೊದ್ಲು ಒಳಕ್ಕೆ ಹೋಗ್ಲಿ, ಆಮ್ಯಾಕೆ ಯಜಮಾನ್ರು ಹೋಗ್ಲಿ” ಎಂದರಂತೆ. ಯಜಮಾನರು ಅಲ್ಲೇ ಕೆಲಸದಿಂದ ತೆಗೆದರು. ಮಾರನೆಯ ದಿನ ಹೊಸಬನೊಬ್ಬ ಗೇಟಿನಲ್ಲಿ ನಿಂತ. ಅರ್ಧ ಊರು ಬಿಟ್ಟಿ ಸಿನಿಮಾ ನೋಡಿತು. ಅದರ ಮಾರನೆಯ ದಿನ ಭಾವ ಮತ್ತೆ ಗೇಟಿನಲ್ಲಿದ್ದರು.

ಟಿ.ವಿ. ಬಂತು, ಟೆಂಟು ಹೋಯಿತು. ಭಾವ ಮನೆಗೆ ಬಂದು ಜಗಲಿಯಲ್ಲಿ ಕುಳಿತರು. ಗೇಟು ಹೋದರೂ ಚಾಚಿದ ಕೈ ಹಾಗೇ ಉಳಿಯಿತು. ಮನೆಯ ಕರೆಂಟಿನ ವಿಚಾರದಲ್ಲಿ ಅವರಿಗೆ ತಿಳಿದಿದ್ದದ್ದು ಇಷ್ಟೇ: ಲೈಸೆನ್ಸ್ ಇರುವವನೇ ವೈರು ಮುಟ್ಟಬೇಕು, ಮೀಟರಿನಿಂದ ಆಚೆಗಿನದು ಕರೆಂಟ್ ಆಫೀಸಿನವರದು, ಈಚೆಗೆ ಏನು ಹೊಸದಾಗಿ ಸೇರಿಸುವುದಿದ್ದರೂ ಕೇಳಿಯೇ ಸೇರಿಸಬೇಕು. ಮಾತು ಸರಿಯೇ. ಆದರೆ ಸರಿಯಾದ ಮಾತನ್ನು ಬೆಳಗಿನಿಂದ ಸಂಜೆಯವರೆಗೆ ಕೇಳಿದರೆ ಹೇಗಿರುತ್ತದೆ? ಅಕ್ಕ ತವರಿನಿಂದ ಮಿಕ್ಸಿ ತಂದಾಗ ಅದಕ್ಕೆ ಒಪ್ಪಿಗೆ ಕೇಳಬೇಕೋ ಬೇಡವೋ ಎಂದು ಮಧುಗಿರಿಗೆ ಹೋಗಿ ವಿಚಾರಿಸಿ ಬರುವವರೆಗೆ ಮಿಕ್ಸಿ ಡಬ್ಬದಲ್ಲೇ ಇತ್ತು. ಆಫೀಸಿನವರು ನಕ್ಕು ಕಳಿಸಿದರು. ಅಕ್ಕ ಒರಳಿನಲ್ಲಿ ಚಟ್ನಿ ರುಬ್ಬುತ್ತ, “ಏಮಯ್ಯಾ, ಈ ಚಟ್ನಿ ತಿನ್ನಕ್ಕೂ ಅರ್ಜಿ ಹಾಕ್ತೀಯಾ?” ಎಂದು ಕೇಳಿದರು. ಭಾವ ರೊಟ್ಟಿ ಮುರಿದರು.

ಇನ್ನೊಂದು ಸಲ ನಮ್ಮ ಬೀದಿಯ ಕಂಬದಲ್ಲಿ ಫ್ಯೂಸ್ ಹೋಗಿ ಲೈನ್‌ಮನ್ ಬಂದ. ಹೊಸಬ, ನಮ್ಮೂರಿಗೆ ಅವನ ಮುಖ ಗೊತ್ತಿಲ್ಲ. ಅವನು ಏಣಿ ಇಟ್ಟು ಮೇಲೆ ಹತ್ತಿದ ಮೇಲೆ ಭಾವ ಹೋಗಿ ಏಣಿಯನ್ನು ತೆಗೆದು ಗೋಡೆಗೆ ಒರಗಿಸಿಟ್ಟು, ಆಫೀಸಿನ ಗುರುತಿನ ಚೀಟಿ ತೋರಿಸು ಎಂದರು.

“ಚೀಟಿ ಬ್ಯಾಗಲ್ಲಿ ಅದೆ ಅಜ್ಜಾ, ಬ್ಯಾಗು ಸೈಕಲಲ್ಲಿ ಅದೆ. ಏಣಿ ಕೊಡಿ, ಇಳಿದು ತೋರಿಸ್ತೀನಿ.”

“ಚೀಟಿ ತೋರ್ಸು, ಏಣಿ ಕೊಡ್ತೀನಿ.”

ಇಬ್ಬರ ಮಾತೂ ನ್ಯಾಯವೇ ಆದ್ದರಿಂದ ಇಬ್ಬರೂ ಬಹಳ ಹೊತ್ತು ಹಾಗೇ ಇದ್ದರು. ಕೊನೆಗೆ ಅಕ್ಕ ಹೋಗಿ ಸೈಕಲ್ಲಿನ ಬ್ಯಾಗಿನಿಂದ ಚೀಟಿ ಹುಡುಕಿ ಗಂಡನ ಮೂಗಿನ ಹತ್ತಿರ ಹಿಡಿದರು. ಆಮೇಲೆ ಆ ಲೈನ್‌ಮನ್ ನಮ್ಮ ಬೀದಿಗೆ ಬರುವಾಗಲೆಲ್ಲ ಆ ಕೊನೆಯಿಂದಲೇ ಚೀಟಿಯನ್ನು ಎತ್ತಿ ಹಿಡಿದುಕೊಂಡು ಬರುತ್ತಿದ್ದ, ಆರತಿ ತಟ್ಟೆ ಹಿಡಿದವನ ಹಾಗೆ!

ಅಕ್ಕನ ತವರಿಗೆ ಹೋಗುವ ದಾರಿಯಲ್ಲಿ ರಾಯಚರ್ಲು ಕಡೆ ಸೋಲಾರ್ ಹಲಗೆಗಳು ಹೊಲದ ತುಂಬ ಬಿಸಿಲಿಗೆ ಮುಖ ಕೊಟ್ಟು ನಿಂತಿವೆ. ಒಮ್ಮೆ ನಾವೆಲ್ಲ ಬಾಡಿಗೆ ಜೀಪಿನಲ್ಲಿ ಹೋಗುವಾಗ ಭಾವ ಅಲ್ಲಿ ಜೀಪು ನಿಲ್ಲಿಸಿ, ಬೇಲಿಯ ಹತ್ತಿರವಿದ್ದ ಕಾವಲುಗಾರನನ್ನು, ಸ್ವಲ್ಪ ನೋಡಬಹುದೇ ಎಂದು ಕೇಳಿದರು. ಅವನು ತೆಲುಗಿನವನು. ರಸ್ತೆಯಲ್ಲಿ ನಿಂತು ನೋಡುವುದಕ್ಕೆ ಯಾರೂ ಅವನ ಅಪ್ಪಣೆ ಕೇಳಿರಲಿಲ್ಲವೆಂದು ಕಾಣುತ್ತದೆ. ಗಾಬರಿಯಾಗಿ ಯಾರಿಗೋ ಫೋನು ಮಾಡಿದ. ಅಷ್ಟು ಹೊತ್ತೂ ಭಾವ ಹಲಗೆಗಳಿಗೆ ಬೆನ್ನು ಹಾಕಿ ಬಿಸಿಲಲ್ಲಿ ನಿಂತಿದ್ದರು, ಅಪ್ಪಣೆ ಬರುವ ಮೊದಲೇ ನೋಡಿದಂತಾಗಬಾರದಲ್ಲ. ಫೋನು ಇಟ್ಟು ಅವನು ಹೂಂ ಎಂದ ಮೇಲೆ ತಿರುಗಿ, ಕಣ್ತುಂಬ ನೋಡಿ, ಜೀಪು ಹತ್ತಿ ಅಕ್ಕನಿಗೆ, “ನೋಡ್ದಾ, ಸೂರ್ಯನೂ ಇಲ್ಲಿ ಪರ್ಮಿಷನ್ ತಗಂಡೇ ಕರೆಂಟಾಗಾದು” ಎಂದರು.

ಇನ್ನು ನಮ್ಮ ಮನೆಯ ವಿಷಯ. ಅತ್ತೆ ಮಾವ ಹೋದ ಮೇಲೆ ಅಣ್ಣತಮ್ಮಂದಿರು ಮನೆಯನ್ನು, ಟಿಕೆಟ್ ಹರಿದ ಹಾಗೆ, ನಡುವೆ ಗೋಡೆ ಎತ್ತಿ ಎರಡು ಮಾಡಿಕೊಂಡಿದ್ದರು. ಜಗಳವೇನಿಲ್ಲ. ಜಗಲಿ ಒಂದೇ, ಬಾಗಿಲು ಎರಡು. ಮೀಟರು ಅವರ ಭಾಗದಲ್ಲಿ ಉಳಿಯಿತು. ಅಲ್ಲಿಂದ ಗೋಡೆಯ ಮೇಲೆ ಹಾದು ಬಂದ ಹಳೆಯ ವೈರಿನಲ್ಲಿ ನನ್ನ ಭಾಗಕ್ಕೆ ಎರಡು ದೀಪ, ಒಂದು ಫ್ಯಾನು. ಬಚ್ಚಲಿಗೆ ದೀಪವಿರಲಿಲ್ಲ. ಬುಡ್ಡಿ ಹಿಡಿದು ಹೋಗುವುದು, ಸೌದೆ ಹಾಕಿ ಹಂಡೆ ಕಾಯಿಸುವುದು.

ದೊಡ್ಡವನೇ, ನೀನು ಹುಟ್ಟಿದಾಗ ನಿಮ್ಮಮ್ಮನ ಬಾಣಂತನ ನನ್ನ ಮನೆಯಲ್ಲಿ ಆಗಬೇಕಿತ್ತು. ಕೊರಟಗೆರೆಯಿಂದ ನಿಮ್ಮ ಅಪ್ಪನ ತಾಯಿ ಬಂದು ನಮ್ಮ ಬಚ್ಚಲನ್ನು ನೋಡಿದರು. ಹೊಗೆಗೆ ಅವರ ಕಣ್ಣಲ್ಲಿ ನೀರು ಬಂತು. “ಈ ಕತ್ತಲಲ್ಲಿ ಹಸುಗೂಸಿಗೆ ನೀರು ಹಾಕಕ್ಕಾಯ್ತದಾ, ನೀವೇ ಹೇಳಿ” ಎಂದರು. ಅವರು ಒರಟಾಗಿ ಹೇಳಲಿಲ್ಲ, ಇದ್ದದ್ದನ್ನೇ ಹೇಳಿದರು. ಬಾಣಂತನ ಕೊರಟಗೆರೆಯಲ್ಲೇ ಆಯಿತು. ನಾನು ನೆಂಟಳ ಹಾಗೆ ಹೋಗಿ, ನಿನ್ನನ್ನು ಒಂದಿಷ್ಟು ಹೊತ್ತು ಮಡಿಲಲ್ಲಿಟ್ಟುಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಎದ್ದು ಬಂದೆ.

ಚಿಕ್ಕವಳೇ, ನೀನು ನಿಮ್ಮಮ್ಮನ ಹೊಟ್ಟೆಯಲ್ಲಿದ್ದಾಗ ಈ ಸಲವಾದರೂ ಮಗಳು ನನ್ನ ಹತ್ತಿರ ಬರಬೇಕೆಂದು ನನ್ನ ಆಸೆ. ಬೀಗಿತ್ತಿ ಫೋನಿನಲ್ಲಿ ಖಂಡಿತವಾಗಿ ಹೇಳಿದ್ದರು: ದೀಪಾವಳಿ ಕಳೆದ ಸೋಮವಾರ ಕರೆದುಕೊಂಡು ಬರುತ್ತೇವೆ, ಬಚ್ಚಲಿಗೆ ದೀಪ, ಬಿಸಿನೀರು ಇದ್ದರೆ ಬಿಟ್ಟು ಹೋಗುತ್ತೇವೆ, ಇಲ್ಲದಿದ್ದರೆ ಅದೇ ಕಾರಿನಲ್ಲಿ ವಾಪಸ್ ಕರೆದುಕೊಂಡು ಹೋಗುತ್ತೇವೆ.

ಹಳೆಯ ವೈರು ಗೀಸರಿನ ಭಾರ ತಾಳುವುದಿಲ್ಲ, ಆದರೆ ಭಾವನವರ ಮೀಟರಿನಿಂದಲೇ ದಪ್ಪ ವೈರು ಎಳೆದರೆ ಅರ್ಧ ದಿನದ ಕೆಲಸ ಎಂದು ಊರಲ್ಲಿ ಎಲ್ಲರೂ ಹೇಳಿದರು. ಅಕ್ಕನ ಮೂಲಕ ಕೇಳಿಸಿದೆ. ಅಕ್ಕ ಬಂದು ಹೇಳಿದ ಉತ್ತರ ಇದು: “ನನ್ನ ಮೀಟರಿಂದ ಗೀಸರ್ ಹೋಗಂಗಿಲ್ಲ. ಬೇಕಾದೋರು ತಮ್ಮ ಹೆಸರಲ್ಲಿ ಕೇಳಿ ತಗಳ್ಲಿ.” ನನಗೆ ಬೇಸರವಾಯಿತು. ಅಂದಿನ ಸಾರಿಗೆ ಉಪ್ಪು ಹಾಕಲು ಮರೆತೆ. ಅಕ್ಕನ ಮನೆಗೂ ಕಳಿಸಿದ್ದ ಆ ಸಾರನ್ನು ಭಾವ ಕಂಬಕ್ಕೂ ದೂರದೆ ಉಂಡರು.

ಶಿರಾದಲ್ಲಿ ಲೈಸೆನ್ಸ್ ಇರುವ ಕಾಂಟ್ರಾಕ್ಟರೊಬ್ಬರ ಹತ್ತಿರ ಕೆಲಸ ಮಾಡುವ ರಫೀಕ ಬಂದು ಮನೆ ನೋಡಿದ. ನಗುನಗುತ್ತ ಮಾತಾಡುವ ಹುಡುಗ. ನನ್ನ ಭಾಗಕ್ಕೆ ನನ್ನ ಹೆಸರಿನಲ್ಲೇ ಬೇರೆ ಮೀಟರು ಬೇಕು, ಗೀಸರು ಸೇರಿಸಿ ಎಷ್ಟು ಕರೆಂಟು ಬೇಕೆಂದು ಅರ್ಜಿ ಹಾಕಬೇಕು, ವೈರಿಂಗ್ ಮುಗಿದ ಮೇಲೆ ಪರೀಕ್ಷೆ ಮಾಡಿದ್ದೇವೆಂದು ಕಾಂಟ್ರಾಕ್ಟರು ರುಜು ಹಾಕಿದ ವರದಿ ಕೊಡಬೇಕು, ಆಮೇಲೆ ಆಫೀಸಿನವರು ಬಂದು ಮೀಟರು ಕೂರಿಸುತ್ತಾರೆ ಎಂದ. ಜಾಗ ಹಿಂದೆ ಒಟ್ಟಿಗಿದ್ದದ್ದರಿಂದ ಭಾವನವರು ತಮ್ಮ ಆಕ್ಷೇಪಣೆ ಇಲ್ಲವೆಂದು ಬರೆದು ಕೊಡಬೇಕು ಎಂದೂ ಹೇಳಿದ.

ಅಕ್ಕ ಆ ಹೊತ್ತಿಗೆ ತವರಿನಲ್ಲಿ ತಂಗಿಯ ಮಗನ ಮದುವೆಗೆ ಹೋಗಿದ್ದರು. ಕೇಳುವವರು ಯಾರು? ಬಾಗಿಲ ಹಿಂದೆ ನಿಂತು ಬಹಳ ಹೊತ್ತು ಸೆರಗು ಸರಿಮಾಡಿಕೊಂಡೆ. ಕೊನೆಗೆ, “ಕಂಬಾ, ಒಂದು ರುಜು ಆಗ್ಬೇಕಿತ್ತು” ಎಂದೆ.

ಭಾವ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿದರು. “ಮೀಟರ್ ಬೇಕಾ ಕರೆಂಟ್ ಕಂಬ ಬೇಕಾ ಕೇಳು ಕಂಬಾ. ಕಂಬ ಬೇಕು ಅಂದ್ರೆ ಅದುಕ್ಕೆ ಬ್ಯಾರೆ ಅರ್ಜಿ.”

“ಮೀಟರ್ರೇ.”

“ಯಾರ ಹೆಸರಿಗೆ?”

ನಾನು ನನ್ನ ಹೆಸರನ್ನು ಹೇಳಬೇಕಾಯಿತು. ಕಂಬಕ್ಕೆ ಹೇಳಿದೆ. ಮದುವೆಯಾದ ಮೇಲೆ ನನ್ನ ಹೆಸರನ್ನು ನಾನೇ ಬಾಯಿಬಿಟ್ಟು ಹೇಳಿದ್ದು ಕಡಿಮೆ. ಬೇರೆ ಯಾರದೋ ಹೆಸರಿನಂತೆ ಕೇಳಿಸಿತು. ಭಾವ ಕನ್ನಡಕ ಹಾಕಿಕೊಂಡು ರಫೀಕ ಕೊಟ್ಟಿದ್ದ ಕಾಗದ ಓದಿದರು. ಆಕ್ಷೇಪಣೆ ಏನೂ ಇರುವುದಿಲ್ಲ ಎಂದು ಅದರಲ್ಲಿತ್ತು. ಅಲ್ಲಿಗೆ ಬಂದು ನಿಂತರು. ಏನೂ ಇಲ್ಲ ಎಂದು ಹೇಗೆ ಬರೆಯುವುದು, ಒಂದಿದೆಯಲ್ಲ ಎಂದರು. ಅವರು ಪೆನ್ನು ತೆಗೆದು ಕೆಳಗೆ ದಪ್ಪ ಅಕ್ಷರದಲ್ಲಿ ಬರೆದರು: ‘ಬಚ್ಚಲ ಸ್ವಿಚ್ಚು ಬಚ್ಚಲಿನ ಹೊರಗಡೆ ಇರತಕ್ಕದ್ದು. ಒದ್ದೆ ಕೈಯಲ್ಲಿ ಮುಟ್ಟತಕ್ಕದ್ದಲ್ಲ.’ ಆಮೇಲೆ ರುಜು. ರಫೀಕ ಅದನ್ನು ಓದಿ, “ಅರೆ ಅಜ್ಜಾ, ಆಕ್ಷೇಪಣೆ ಇಲ್ಲ ಅನ್ನೋ ಪತ್ರದಲ್ಲಿ ಆಕ್ಷೇಪಣೆ ಬರ್ದೋರು ನೀವೊಬ್ರೇ” ಎಂದು ನಕ್ಕ. ಆದರೂ ಸ್ವಿಚ್ಚನ್ನು ಹೊರಗೇ ಕೂರಿಸಿದ.

ವೈರಿಂಗ್ ಕೆಲಸ ನಡೆದಷ್ಟು ದಿನವೂ ಭಾವ ಹೊಸಿಲಾಚೆ ಮಣೆ ಹಾಕಿಕೊಂಡು ಕುಳಿತು, ಕತ್ತು ಚಾಚಿ ನೋಡುತ್ತಿದ್ದರು. ಒಳಗೆ ಬರಲಿಲ್ಲ. ನಿಮ್ಮ ತಾತ ಹೋದ ಮೇಲೆ ಅವರು ನನ್ನ ಹೊಸಿಲು ದಾಟಿದವರಲ್ಲ. ಹಬ್ಬದ ಊಟ ಬಡಿಸಿದರೂ ಜಗಲಿಯಲ್ಲೇ. ಒಬ್ಬಂಟಿ ಹೆಂಗಸಿನ ಮನೆ, ಮರ್ಯಾದಸ್ಥರು, ಅದಕ್ಕೇ ಬರುವುದಿಲ್ಲ ಎಂದು ಊರವರು ಹೇಳುತ್ತಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ.

ರಫೀಕ ಮೇಲೆ ಫ್ಯಾನಿನ ಕೊಂಡಿ ಬಿಗಿಯಲು ಮೂಲೆಯಲ್ಲಿದ್ದ ಬೆತ್ತದ ಕುರ್ಚಿಯನ್ನು ಎಳೆದ. ನಿಮ್ಮ ತಾತನ ಕುರ್ಚಿ. ಅದರ ಮೇಲೆ ಕೂರಬೇಡಿ ಎಂದು ನಾನು ಯಾರಿಗೂ ಹೇಳಿಲ್ಲ, ಯಾರೂ ಕೂರುತ್ತಿರಲಿಲ್ಲ ಅಷ್ಟೆ. ನಾನು ಪಕ್ಕದ ಮನೆಯಿಂದ ಸ್ಟೂಲು ತಂದಿಟ್ಟೆ. ಅವನು ಕುರ್ಚಿಯನ್ನು ಮತ್ತೆ ಮೂಲೆಗೆ ತಳ್ಳಿದ. ಹೊರಗೆ ಮಣೆಯ ಮೇಲಿದ್ದ ಭಾವ ಬೇರೆ ಕಡೆ ನೋಡಿದರು.

ಕೆಲಸ ಮುಗಿಯಿತು. ಕಾಂಟ್ರಾಕ್ಟರು ಬಂದು ಪರೀಕ್ಷೆ ಮಾಡಿ ಹೋದರು. ಅವರ ರುಜು, ಮೊಹರು ಎಲ್ಲ ಇದ್ದ ವರದಿಯನ್ನು ಹಿಡಿದುಕೊಂಡು ರಫೀಕ ಬಂದ. ಇನ್ನು ಇದನ್ನು ಮಧುಗಿರಿಯ ಆಫೀಸಿಗೆ ಕೊಟ್ಟರೆ ಮೀಟರು ಬರುತ್ತದೆ, ಸೋಮವಾರಕ್ಕೆ ಇನ್ನೂ ಸಮಯವಿದೆ ಎಂದು ಹೇಳುತ್ತ, ಹಿರಿಯರು ಒಮ್ಮೆ ನೋಡಲಿ ಎಂದು ಭಾವನವರ ಕೈಗೆ ಕೊಟ್ಟ.

ಅದೊಂದು ತಪ್ಪು. ಯಾರಿಗೆ ಗೊತ್ತಿತ್ತು?

ಭಾವ ಮೇಲಿನಿಂದ ಕೆಳಗಿನವರೆಗೆ ಓದಿದರು. ಮೊಹರನ್ನು ಬೆಳಕಿಗೆ ಹಿಡಿದು ನೋಡಿದರು. ಮುಖ ಅರಳಿತು, ಅವರ ಜೀವನದಲ್ಲಿ ಅಷ್ಟು ಒಳ್ಳೆಯ ಟಿಕೆಟ್ಟನ್ನು ಅವರು ನೋಡಿರಲಿಲ್ಲವೆಂದು ಕಾಣುತ್ತದೆ. ತೃಪ್ತಿಯಿಂದ ತಲೆಯಾಡಿಸಿ, ಎರಡು ಕೈಯಲ್ಲಿ ಹಿಡಿದು, ಚರಕ್ಕನೆ ಹರಿದು, ಅರ್ಧ ತಮ್ಮ ಜೇಬಿಗೆ ಇಟ್ಟುಕೊಂಡು, ಇನ್ನರ್ಧವನ್ನು ರಫೀಕನಿಗೆ ವಾಪಸ್ ಕೊಟ್ಟರು.

ರಫೀಕ ತನ್ನ ಕೈಲಿದ್ದ ಅರ್ಧವನ್ನು ನೋಡಿದ. ಭಾವ ತಮ್ಮ ಕೈಗಳನ್ನು ನೋಡಿಕೊಂಡರು. ಆ ಕೈಗಳು ತಮ್ಮವಲ್ಲ ಎನ್ನುವ ಹಾಗೆ ನೋಡಿಕೊಂಡರು.

ಅಂಟಿಸಿ ಕೊಟ್ಟರೆ ಆಫೀಸಿನಲ್ಲಿ ತೆಗೆದುಕೊಳ್ಳುವುದಿಲ್ಲ. ಹೊಸದಾಗಿ ಬರೆಯಿಸಬೇಕು, ಕಾಂಟ್ರಾಕ್ಟರು ಹಿಂದೂಪುರಕ್ಕೆ ನೆಂಟರ ಮನೆಗೆ ಹೋಗಿದ್ದಾರೆ, ವಾಪಸ್ ಬರುವುದು ಯಾವಾಗಲೋ ಎಂದ ರಫೀಕ. ನಾನು ಒಳಗೆ ಹೋಗಿ ಒಲೆಯ ಮುಂದೆ ಕುಳಿತೆ. ಒಲೆ ಹಚ್ಚಿರಲಿಲ್ಲ. ಮಗಳು ಬರುತ್ತಾಳೆ, ಕಾರಿನಿಂದ ಇಳಿಯುತ್ತಾಳೆ, ಬಚ್ಚಲನ್ನು ನೋಡಿ ಬೀಗಿತ್ತಿ ಮತ್ತೆ ಕಾರು ಹತ್ತಿಸುತ್ತಾರೆ. ಅಷ್ಟೇ ಕಣ್ಣ ಮುಂದೆ ಬರುತ್ತಿತ್ತು. ಹೊರಗೆ ಭಾವ ಕಂಬಕ್ಕೆ ಏನೋ ಹೇಳಿದರು. ನಾನು ಬಾಗಿಲ ಹಿಂದಕ್ಕೆ ಎದ್ದು ಹೋಗಲಿಲ್ಲ.

ಬೆಳಗ್ಗೆ ನೋಡಿದರೆ ಜಗಲಿ ಖಾಲಿ. ಭಾವ ಮೊದಲ ಬಸ್ಸಿಗೇ ಶಿರಾಕ್ಕೆ ಹೋಗಿ ಕಾಂಟ್ರಾಕ್ಟರ ಅಂಗಡಿಯ ಮುಂದೆ ಕುಳಿತಿದ್ದರಂತೆ. ಅವರು ಆ ದಿನ ಬರಲಿಲ್ಲ. ಮಾರನೆಯ ದಿನವೂ ಹೋದರು. ಸಂಜೆಯ ಹೊತ್ತಿಗೆ ಕಾಂಟ್ರಾಕ್ಟರು ಬಂದು, ಕಥೆ ಕೇಳಿ, ನಗು ತಡೆಯಲಾಗದೆ ಹೊಸ ವರದಿ ಬರೆದು ರುಜು ಹಾಕಿ ಕೊಟ್ಟರು. ಭಾವ ಅದನ್ನು ತಮ್ಮ ಕೈಗೆ ತೆಗೆದುಕೊಳ್ಳಲಿಲ್ಲ. ಚೀಲದ ಬಾಯಿ ತೆರೆದು ಹಿಡಿದು, ಅದರೊಳಗೆ ಇಡಿ ಎಂದರಂತೆ.

ಮರುದಿನ ಮಧುಗಿರಿಯ ಆಫೀಸು. ಅಲ್ಲಿ ನಡೆದದ್ದನ್ನು ರಫೀಕ ಹೇಳಿದ. ಅವನು ಊಟದ ಹೊತ್ತಿಗೆ ಬೇರೆ ಯಾವುದೋ ಕೆಲಸಕ್ಕೆ ಅಲ್ಲಿಗೆ ಹೋದರೆ, ಭಾವ ಚೀಲ ಅಪ್ಪಿಕೊಂಡು ಬಾಗಿಲ ಹೊರಗೆ ನಿಂತಿದ್ದಾರೆ. ಬೆಳಗ್ಗೆ ಬಾಗಿಲು ತೆರೆದಾಗಿನಿಂದ ನಿಂತಿದ್ದಾರೆ. ಬಾಗಿಲ ಮೇಲೆ ‘ಅಪ್ಪಣೆಯಿಲ್ಲದೆ ಒಳಗೆ ಪ್ರವೇಶವಿಲ್ಲ’ ಎಂದು ಬರೆದಿತ್ತು. ಜನ ಅದರ ಕೆಳಗೇ ಒಳಗೆ ಹೋಗುತ್ತಿದ್ದರು, ಹೊರಗೆ ಬರುತ್ತಿದ್ದರು.

“ಅರೆ, ಒಳಗೆ ಹೋಗ್ಬೇಕಿತ್ತಲ್ಲಾ ಅಜ್ಜಾ” ಎಂದನಂತೆ ರಫೀಕ.

“ಯಾರೂ ಕರೀಲಿಲ್ಲ ಕಣಪ್ಪ” ಎಂದರಂತೆ ಭಾವ.

ರಫೀಕ ಒಳಗೆ ಕರೆದುಕೊಂಡು ಹೋಗಿ ವರದಿ ಕೊಡಿಸಿದ. ಇದನ್ನೆಲ್ಲ ನಾನು ಫೋನಿನಲ್ಲಿ ಅಕ್ಕನಿಗೆ ಹೇಳಿದೆ. ಅಕ್ಕ ಬಿದ್ದು ಬಿದ್ದು ನಕ್ಕರು, ನಾನೂ ನಕ್ಕೆ. ಆಮೇಲೆ ಪಾತ್ರೆ ತೊಳೆಯುತ್ತ ಕುಳಿತಾಗ ನಗು ನಿಂತಿತು. ಯಾರೂ ಕರೀಲಿಲ್ಲ. ಆ ಮಾತು ಕೈಲಿದ್ದ ಪಾತ್ರೆಯೊಳಗೆ ಬಿದ್ದಂತೆ ಸುತ್ತುತ್ತಿತ್ತು. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ.

ಸೋಮವಾರದ ಹಿಂದಿನ ಶನಿವಾರ ಆಫೀಸಿನವರು ಬಂದು ಮೀಟರು ಕೂರಿಸಿ ಮೊಹರು ಹಾಕಿದರು. ಬಂದವರು ಬೀದಿಯ ಕೊನೆಯಿಂದಲೇ ಗುರುತಿನ ಚೀಟಿ ಎತ್ತಿ ಹಿಡಿದುಕೊಂಡೇ ಬಂದರು.

ಸೋಮವಾರ ಕಾರು ಬಂತು. ಬೀಗಿತ್ತಿ ನೇರ ಬಚ್ಚಲಿಗೆ ಹೋಗಿ ಸ್ವಿಚ್ಚು ಹುಡುಕಿದರು. ಹೊರಗಿದೆ ಎಂದು ನಾನು ತೋರಿಸಿದೆ. ದೀಪ ಹತ್ತಿತು. ನಲ್ಲಿ ತಿರುಗಿಸಿ ನೀರಿಗೆ ಕೈ ಹಿಡಿದು, ಬಿಸಿ ತಾಗಿ ಹಿಂದಕ್ಕೆ ತೆಗೆದರು. “ಸ್ವಿಚ್ಚು ಆಚೆ ಇಟ್ಟಿರೋದು ಒಳ್ಳೇದಾಯ್ತು ಬುಡಿ” ಎಂದರು. ಮಗಳ ಬಟ್ಟೆಯ ಪೆಟ್ಟಿಗೆಯನ್ನು ಕಾರಿನಿಂದ ಇಳಿಸಲು ಹೇಳಿದರು. ದೊಡ್ಡವನೇ, ನೀನು ಆಗಲೇ ಆ ಸ್ವಿಚ್ಚನ್ನು ಹಾಕುವುದು ಆರಿಸುವುದು ಮಾಡುತ್ತಿದ್ದೆ. ಅಕ್ಕನೂ ತವರಿನಿಂದ ಬಂದಿದ್ದರು. ಮನೆ ತುಂಬ ಮಾತು.

ಜಗಲಿಯಲ್ಲಿ ಭಾವ ಒಬ್ಬರೇ ನಿಂತಿದ್ದರು. ಹೊಸಿಲಿನ ಹತ್ತಿರ ಬಂದು, ಕತ್ತು ಚಾಚಿ, ಬಚ್ಚಲಿನ ದೀಪ ಕಾಣುತ್ತದೆಯೋ ಎಂದು ನೋಡುತ್ತಿದ್ದರು. ಅಲ್ಲಿಂದ ಅದು ಕಾಣುವುದಿಲ್ಲ. ಅಡಿಗೆಮನೆಯ ಗೋಡೆ ಅಡ್ಡ. ಸ್ವಲ್ಪ ಆ ಕಡೆ ವಾಲಿದರು, ಸ್ವಲ್ಪ ಈ ಕಡೆ ವಾಲಿದರು.

ನಾನು ಬಾಗಿಲಿಗೆ ಹೋದೆ. ಬಾಗಿಲ ಹಿಂದೆ ನಿಲ್ಲಲಿಲ್ಲ.

“ಒಳಗೆ ಬನ್ನಿ ಭಾವ” ಎಂದೆ.

ಅವರು ಹಿಂದಕ್ಕೆ ತಿರುಗಿ ಕಂಬವನ್ನು ನೋಡಿದರು. ಬೇರೆ ಯಾರಾದರೂ ಬಂದಿದ್ದಾರೆಯೇ ಎಂದು ಬೀದಿಯನ್ನೂ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. ಅಂಗಿಯ ಜೇಬಿಗೆ ಕೈ ಹಾಕಿ, ಮಡಿಸಿ ಮಡಿಸಿ ಮೆತ್ತಗಾಗಿದ್ದ ಒಂದು ಕಾಗದ ತೆಗೆದು ನನ್ನ ಮುಂದೆ ಹಿಡಿದರು. ಹರಿದ ವರದಿಯ ಆ ಅರ್ಧ. ನಾನು ತೆಗೆದುಕೊಂಡೆ. ಅವರು ಚಪ್ಪಲಿ ಬಿಟ್ಟು, ಬಲಗಾಲು ಹೊಸಿಲಿನೊಳಗೆ ಇಟ್ಟು, ಅಲ್ಲೇ ನಿಂತು ಕೇಳಿದರು:

“ಯಾವ ಕಡೆ ಕೂತ್ಕಳ್ಲಿ? ನೆಲವಾ?”

ಮೂಲೆಯಲ್ಲಿದ್ದ ಬೆತ್ತದ ಕುರ್ಚಿಯನ್ನು ಸೆರಗಿನಿಂದ ಒರೆಸಿ, ಹೊಸ ದೀಪ ಚೆನ್ನಾಗಿ ಕಾಣುವಲ್ಲಿಗೆ ಎಳೆದು ತಂದಿಟ್ಟೆ.

“ಕುರ್ಚಿ” ಎಂದೆ.